ಹಿಂದೆ ನಿಂತ ಹಲ್ಲು

ಊರಿನವರ ಬಾಯಿಗಳನ್ನೆಲ್ಲ ಒಡೆದು ಪುಡಿ ಮಾಡುವ ಕೆಲಸ ಸಾಸಿವೆಯ ಪಾಲಿಗೆ ಬಂತು.

ಅವಳು ದುಡಿಯುತ್ತಿದ್ದದ್ದು ಹಲ್ಲು ಕಟ್ಟುವ ಕಾರ್ಖಾನೆಯಲ್ಲಿ. ಕಾರ್ಖಾನೆ ಎನ್ನುವುದು ಬೋರ್ಡಿನ ಜಂಬ; ಇದ್ದದ್ದು ಎರಡು ಕೋಣೆ ಮತ್ತು ಒಂದು ಹಿತ್ತಿಲು. ಮುಂದಿನ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸುವ ಕುರ್ಚಿ. ಹಿಂದಿನ ಕೋಣೆಯಲ್ಲಿ ಉದ್ದದ ಮೇಜು, ಮೇಣ ಕರಗಿಸುವ ಸಣ್ಣ ಒಲೆ, ಪಾಲಿಶ್ ಹಾಕುವ ಚಕ್ರ. ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಹಲಗೆ ಹೊಡೆದಿದ್ದರು. ಹಲಗೆಗಳ ತುಂಬ ಬಿಳಿ ಪ್ಲಾಸ್ಟರಿನ ಅಚ್ಚುಗಳು. ಒಂದೊಂದು ಅಚ್ಚೂ ಒಬ್ಬೊಬ್ಬರ ಬಾಯಿ. ಪೂರ್ತಿ ಸೆಟ್ಟು ಕಟ್ಟಿಸಿಕೊಂಡವರು, ಒಂದೇ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರು, ಅಳತೆ ಕೊಟ್ಟು ಹೋಗಿ ಮತ್ತೆ ಮುಖ ತೋರಿಸದವರು, ಎಲ್ಲರೂ ಅಲ್ಲಿ ಸಾಲಾಗಿ ಹಲ್ಲು ಕಿರಿದುಕೊಂಡು ಕೂತಿದ್ದರು.

ಯಾವ ಅಚ್ಚಿನ ಮೇಲೂ ಹೆಸರಿರಲಿಲ್ಲ. ಅದು ಕಾರ್ಖಾನೆಯ ಒಡೆಯರಾದ ಮೇಸ್ತ್ರಿಯ ಹಟ. ಹಲ್ಲು ಕಟ್ಟಿಸಿಕೊಂಡಿದ್ದೇನೆ ಎಂದು ಯಾರೂ ಡಂಗುರ ಸಾರುವುದಿಲ್ಲ. ಗಂಡನಿಗೆ ತಿಳಿಯದ ಹಾಗೆ ಹೆಂಡತಿ ಬರುತ್ತಾಳೆ, ಹೆಂಡತಿಗೆ ತಿಳಿಯದ ಹಾಗೆ ಗಂಡ ಬರುತ್ತಾನೆ. "ಗಿರಾಕಿ ನಮ್ಮ ಮುಂದೆ ಬಾಯಿ ಬಿಡ್ತಾನೆ. ನಾವು ಊರ ಮುಂದೆ ಬಾಯಿ ಬಿಡಬಾರದು," ಎನ್ನುತ್ತಿದ್ದರು ಮೇಸ್ತ್ರಿ. ಅಚ್ಚು ಕೈಗೆತ್ತಿಕೊಂಡರೆ ಸಾಕು, ಯಾರದ್ದೆಂದು ಅವರಿಗೆ ಗೊತ್ತು. ಬೀದಿಯಲ್ಲಿ ಎದುರಾದವರ ಹೆಸರು ಮರೆಯುತ್ತಿತ್ತು, ಬಾಯಿ ಮರೆಯುತ್ತಿರಲಿಲ್ಲ.

ಯುದ್ಧ ಎರಡನೇ ವರ್ಷಕ್ಕೆ ಬಿದ್ದಾಗ ಪ್ಲಾಸ್ಟರು ಬರುವುದು ನಿಂತಿತು. ಅದೇ ಹೊತ್ತಿಗೆ ದವಡೆ ಮುರಿದ ಸಿಪಾಯಿಗಳು ಬರುವುದು ಶುರುವಾಯಿತು. ಪಟ್ಟಣದ ದಂತವೈದ್ಯರೆಲ್ಲ ಸೇನೆಯ ಹಿಂದೆ ಹೋಗಿದ್ದರಿಂದ ಅಳತೆ, ಅಚ್ಚು, ಕ್ಯಾಪು, ತಂತಿ ಎಲ್ಲವೂ ಮೇಸ್ತ್ರಿಯ ತಲೆಗೇ ಬಂತು. ಅಚ್ಚಿಗೆ ಪ್ಲಾಸ್ಟರು ಎಲ್ಲಿಂದ ತರುವುದು? ಹಳೆಯ ಅಚ್ಚುಗಳನ್ನು ಒಡೆದು, ಅರೆದು, ಬಾಣಲೆಯಲ್ಲಿ ಹುರಿದರೆ ಅದು ನೀರು ಬಿಟ್ಟುಕೊಟ್ಟು ಮತ್ತೆ ಕಟ್ಟುವ ಪುಡಿಯಾಗುತ್ತದೆ. ಹೊಸದರಷ್ಟು ಗಟ್ಟಿಯಿರುವುದಿಲ್ಲ, ಆದರೆ ಕೆಲಸಕ್ಕೆ ಬರುತ್ತದೆ. ಮೇಸ್ತ್ರಿ ಒಂದು ಬೆಳಿಗ್ಗೆ ಗೋಡೆಗಳನ್ನು ಬಹಳ ಹೊತ್ತು ನೋಡಿ, ಸುತ್ತಿಗೆ ತಂದು ಸಾಸಿವೆಯ ಕೈಗಿಟ್ಟರು.

"ಮೇಲಿನ ಹಲಗೆಯಿಂದ ಶುರು ಮಾಡು. ಅವರೆಲ್ಲ ತೀರಿಕೊಂಡವರು. ಅವರಿಗೆ ಇನ್ನು ಅಗಿಯೋದೇನೂ ಇಲ್ಲ."

"ಆಮೇಲೆ?"

"ಆಮೇಲೆ ಬದುಕಿರೋರದ್ದು. ಏನು ಮಾಡೋದು, ಪುಡಿ ಬೇಕಲ್ಲ."

ಹೀಗೆ ಅವಳು ಹಿತ್ತಿಲಿನ ಕಲ್ಲಿನ ಮುಂದೆ ಕೂತು ಬಾಯಿಗಳನ್ನು ಒಡೆಯತೊಡಗಿದಳು. ಆದರೆ ಒಡೆಯುವ ಮುಂಚೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಪಾಲಿಶ್ ಚಕ್ರದ ಮುಂದೆ ಕೂರುವ ಅಕ್ಕ ಕಿಟಕಿಯಿಂದ ಇದನ್ನು ಗಮನಿಸಿದಳು. ಎಲ್ಲರೂ ಅವಳನ್ನು ಪಾಲಿಶ್ ಅಕ್ಕ ಎನ್ನುತ್ತಿದ್ದರು. ಅವಳ ಕೈಗೆ ಸಿಕ್ಕಿದ್ದೆಲ್ಲ ಹೊಳೆಯುತ್ತಿತ್ತು, ನಾಲಿಗೆಗೆ ಸಿಕ್ಕಿದವರು ಮಾತ್ರ ಸವೆಯುತ್ತಿದ್ದರು.

"ಏನೇ ಅದು, ಗಂಡು ನೋಡೋ ಹಾಗೆ ಒಂದೊಂದನ್ನೂ ತಿರುಗಿಸಿ ನೋಡ್ತೀಯಾ? ಅದರಲ್ಲಿ ಯಾವನಾದ್ರೂ ಒಪ್ಪಿಗೆ ಆದ್ನಾ?"

"ಎಲ್ಲರೂ ಬರೀ ಬಾಯಿ ಅಕ್ಕ."

"ಗಂಡಸರು ಅಂದ್ರೆ ಅಷ್ಟೇ ಕಣೇ. ಮಿಕ್ಕಿದ್ದು ಸಿಗೋದಿಲ್ಲ."

ಸಾಸಿವೆ ನಕ್ಕಳು, ಕೈ ಅಡ್ಡ ಹಿಡಿದು. ನಗುವಾಗ ಬಾಯಿಗೆ ಕೈ ಅಡ್ಡ ಹೋಗುವುದು ಅವಳಿಗೆ ಉಸಿರಾಟದಷ್ಟೇ ರೂಢಿ. ಮೇಲಿನ ಸಾಲಿನಲ್ಲಿ ನಡುಹಲ್ಲಿನ ಪಕ್ಕದ್ದೊಂದು ಸಾಲು ಬಿಟ್ಟು ಹಿಂದಕ್ಕೆ ಸರಿದಿತ್ತು, ಗುಂಪು ಫೋಟೋದಲ್ಲಿ ಜಾಗ ಸಿಗದೆ ಹಿಂದೆ ನಿಂತು ಇಣುಕುವವರ ಹಾಗೆ. ಖಾಲಿಯಾದ ಜಾಗಕ್ಕೆ ಕೋರೆಹಲ್ಲು ಅರ್ಧ ಮೈ ತಿರುಗಿಸಿಕೊಂಡು ನುಗ್ಗಿತ್ತು. ಅನಾಥಾಲಯದ ಮಕ್ಕಳು ಈ ಹಲ್ಲಿಗೆ ಇಡದ ಹೆಸರಿಲ್ಲ.

ಅವಳು ಅನಾಥಾಲಯಕ್ಕೆ ಬಂದದ್ದು ಹಿಂದಿನ ಯುದ್ಧದಲ್ಲಿ. ದೊಡ್ಡ ಸೇತುವೆಯನ್ನು ಉರುಳಿಸಿದ ವಾರ ಬೀದಿ ಬೀದಿಗಳೇ ಕುಸಿದಿದ್ದವು. ಯಾವುದೋ ಒಂದು ಬೀದಿಯ ಇಟ್ಟಿಗೆ ರಾಶಿಯಿಂದ ಒಬ್ಬ ಸಿಪಾಯಿ ಅವಳನ್ನು ಎತ್ತಿ ತಂದ. ಪರವೂರಿನವನು, ಯಾವ ಬೀದಿ ಎಂದು ಅವನಿಗೇ ಗೊತ್ತಿರಲಿಲ್ಲ. ಮಗುವನ್ನು ಕೊಟ್ಟು, ನೀರು ಕುಡಿದು, ಹೊರಟುಹೋದ. ಕೂಸು ತೀರ ಸಣ್ಣದಿದ್ದುದರಿಂದ ಅಡುಗೆಯವಳು ಸಾಸಿವೆ ಎಂದಳು. ದಾಖಲೆಗೆ ಬರೆಯುವ ಹೆಸರೊಂದು ಇತ್ತು, ಆದರೆ ಅದನ್ನು ಆ ವರ್ಷ ಬಂದ ಹೆಣ್ಣುಮಕ್ಕಳಿಗೆಲ್ಲ ಒಟ್ಟಿಗೆ ಹಂಚಿದ್ದರು, ಹೊದಿಕೆ ಹಂಚಿದ ಹಾಗೆ.

ತನ್ನವರು ಯಾರೂ ಇಲ್ಲ ಎನ್ನುವುದನ್ನು ಇಷ್ಟು ವರ್ಷ ಅವಳು ದೊಡ್ಡದು ಮಾಡಿಕೊಂಡಿರಲಿಲ್ಲ. ಈ ಯುದ್ಧ ಬಂದ ಮೇಲೆ ಕಷ್ಟವಾಯಿತು. ಸೈರನ್ ಕೂಗಿದಾಗ ಎಲ್ಲರೂ ಒಟ್ಟಿಗೆ ನೆಲಮಾಳಿಗೆಗೆ ಇಳಿಯುತ್ತಾರೆ, ಅಲ್ಲಿ ವ್ಯತ್ಯಾಸವಿಲ್ಲ. ಅಪಾಯ ಕಳೆಯಿತು ಎಂಬ ಸೈರನ್ ಆದಾಗಲೇ ಇರುವುದು ಪೇಚು. ಪ್ರತಿಯೊಬ್ಬರೂ ಎದ್ದವರೇ ಯಾರದ್ದೋ ಕಡೆಗೆ ಓಡುತ್ತಾರೆ. ಪಾಲಿಶ್ ಅಕ್ಕ ಮಕ್ಕಳ ಶಾಲೆಯ ಕಡೆಗೆ, ಮೇಸ್ತ್ರಿ ಹೆಂಡತಿಯ ಕಡೆಗೆ. ಸಾಸಿವೆ ಬಾಗಿಲಲ್ಲಿ ನಿಂತು ಎಡಕ್ಕೂ ಬಲಕ್ಕೂ ನೋಡಿ ಮತ್ತೆ ಒಳಗೆ ಬಂದು ನೆಲ ಗುಡಿಸುತ್ತಿದ್ದಳು. ಓಡುವುದಕ್ಕೆ ಒಂದು ದಿಕ್ಕು ಬೇಕಿತ್ತು ಅವಳಿಗೆ. ಆ ದಿಕ್ಕಿನಲ್ಲಿ ಬರೀ ಒಂದು ಗೋರಿ ಇದ್ದರೂ ನಡೆಯುತ್ತಿತ್ತು.

ಹಲಗೆಗಳಲ್ಲಿ ಹುಡುಕಬೇಕೆಂಬ ಯೋಚನೆ ಕೊಟ್ಟವರು ಮೇಸ್ತ್ರಿಯೇ, ಅವರಿಗೆ ಗೊತ್ತಿಲ್ಲದೆ. ಒಮ್ಮೆ ಗಿರಾಕಿಯೊಬ್ಬರ ಹತ್ತಿರ ಹೇಳುತ್ತಿದ್ದರು: "ಮೂಗು ಯಾರದ್ದೋ ಬರುತ್ತೆ ಸ್ವಾಮಿ, ಹಲ್ಲಿನ ಸಾಲು ಮಾತ್ರ ಮನೆತನದ್ದು. ಅಜ್ಜಿಗೆ ಕಟ್ಟಿದೀನಿ, ಮೊಮ್ಮಗಳಿಗೂ ಕಟ್ಟಿದೀನಿ. ಒಂದೇ ಸೊಟ್ಟ." ಪಕ್ಕದಲ್ಲಿ ಮೇಣ ಕರಗಿಸುತ್ತಿದ್ದ ಸಾಸಿವೆಯ ಕೈ ಸುಟ್ಟಿತು. ಈ ಊರಿನ ಇಟ್ಟಿಗೆಯೊಳಗಿಂದ ಬಂದವಳು ತಾನು. ಈ ಊರಿನ ಬಾಯಿಗಳೆಲ್ಲ ಇಲ್ಲಿವೆ.

ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಒಂದೊಂದು ಅಚ್ಚು ಇಳಿಸಿ, ಗಿರಾಕಿಗೆ ತೋರಿಸುವ ಕೈಗನ್ನಡಿಯನ್ನು ಪಕ್ಕದಲ್ಲಿ ಹಿಡಿದು, ಕನ್ನಡಿಯಲ್ಲಿ ಕಾಣುವ ಬಾಯಿಗೂ ಕಲ್ಲಿನ ಬಾಯಿಗೂ ತಾಳೆ ಹಾಕುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬಾಯಿ ತೋರಿಸಬೇಕಾಗುತ್ತಿತ್ತು. ಈಗ ಸುತ್ತಿಗೆ ಕೈಗೆ ಬಂದ ಮೇಲೆ ಗಡಿಬಿಡಿ ಹೆಚ್ಚಿತು. ನೋಡದೆ ಒಡೆದರೆ ಹೋಯಿತು.

ಬದುಕಿರುವವರ ಹಲಗೆಗೆ ಬಂದ ಮೇಲೆ ಒಂದು ಅಚ್ಚು ಅವಳನ್ನು ತಡೆದು ನಿಲ್ಲಿಸಿತ್ತು. ಹಿಂದೆ ಸರಿದ ಹಲ್ಲು, ಅರ್ಧ ತಿರುಗಿದ ಕೋರೆ, ಎಲ್ಲವೂ ಇತ್ತು. ಆದರೆ ಆ ಕಡೆಗೆ. ಕನ್ನಡಿಯಲ್ಲಿ ಅವಳದ್ದು ಬಲಕ್ಕೆ ಕಂಡರೆ ಇದು ಎಡಕ್ಕಿತ್ತು. ನಡುಹಲ್ಲೊಂದು ಮುರಿದಿತ್ತು, ಅದರ ಜೊತೆಯದಕ್ಕೆ ಅಂಚಿನಲ್ಲಿ ಸಣ್ಣ ಕಚ್ಚು, ದಾರ ಕಚ್ಚಿ ಕಚ್ಚಿ ಸವೆದದ್ದು. ಅಯ್ಯೋ, ಇಷ್ಟು ಹತ್ತಿರ ಬಂದು ತಪ್ಪಿತಲ್ಲ ಎಂದುಕೊಂಡು ಸಾಸಿವೆ ಸುತ್ತಿಗೆ ಎತ್ತಿದ್ದಳು. ಒಂದೇ ಏಟಿಗೆ ನಾಲ್ಕು ಚೂರಾಗಿತ್ತು. ಆ ಪುಡಿಯನ್ನು ಹುರಿದು, ಜರಡಿ ಹಿಡಿದು, ಸಿಪಾಯಿಗಳ ಕೆಲಸಕ್ಕೆ ಬಳಸಿಯೂ ಆಗಿತ್ತು.

ವಾರ ಕಳೆದು ಮೇಸ್ತ್ರಿ ಅವಳನ್ನು ಮುಂದಿನ ಕೋಣೆಗೆ ಕರೆದರು.

"ನಾಳೆಯಿಂದ ಆಸ್ಪತ್ರೆಗೆ ನನ್ನ ಜೊತೆ ನೀನೂ ಬರಬೇಕು. ಅಳತೆ ತೆಗೆಯೋಕೆ ನನ್ನೊಬ್ಬನ ಕೈಲಿ ಆಗಲ್ಲ. ಕೂತ್ಕೋ."

"ಎಲ್ಲಿ?"

"ಕುರ್ಚಿಲಿ. ಇನ್ನೊಬ್ಬರ ಬಾಯಿಗೆ ಪ್ಲಾಸ್ಟರು ತುಂಬೋ ಮುಂಚೆ ನಿನ್ನ ಬಾಯಿಗೆ ತುಂಬಿಸ್ಕೋಬೇಕು. ಹೇಗೆ ಉಸಿರು ಕಟ್ಟುತ್ತೆ ಅಂತ ಗೊತ್ತಾಗ್ಬೇಕು. ನಮ್ಮ ಮೇಸ್ತ್ರಿ ನನಗೆ ಮಾಡಿದ್ದು, ನಾನು ನಿನಗೆ ಮಾಡೋದು."

"ಮೇಸ್ತ್ರಿಗಳೇ, ನನಗೆ ವಾಂತಿ ಬರುತ್ತೆ."

"ಎಲ್ಲರಿಗೂ ಬರುತ್ತೆ. ಬಾಯಿ ತೆಗಿ."

ಪಾಲಿಶ್ ಅಕ್ಕ ಬಾಗಿಲಿಗೆ ಒರಗಿ ನಿಂತಳು. "ತೆಗೀಯೇ. ಎರಡು ವರ್ಷದಿಂದ ಕೈ ಅಡ್ಡ ಇಟ್ಕೊಂಡೇ ಇದ್ದೀಯಾ. ಒಳಗೆ ಏನು ಬಚ್ಚಿಟ್ಟಿದ್ದೀಯೋ ನೋಡೋಣ."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು. ಯಾರೂ ನಗಲಿಲ್ಲ. ಮೇಸ್ತ್ರಿ 'ಹ್ಞೂಂ' ಎಂದರು, ಅಷ್ಟೆ. ಮೆತ್ತಗಿನ ಪ್ಲಾಸ್ಟರು ಬೆಚ್ಚಗಾಗುತ್ತ ಗಟ್ಟಿಯಾಯಿತು. ಅದನ್ನು ಕಿತ್ತು ತೆಗೆದಾಗ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಹಲ್ಲಿನ ಸಾಲು ಮೂಡಿಸಿದ ಗುಂಡಿಯೊಳಗೆ ಅವಳೇ ಮತ್ತೆ ಪ್ಲಾಸ್ಟರು ಹೊಯ್ದು, ಕಾಯ್ದು, ಹೊರಗಿನದನ್ನು ಸಣ್ಣ ಉಳಿಯಿಂದ ಬಿಡಿಸಿದಳು. ಎಷ್ಟೋ ಜನರದ್ದನ್ನು ಬಿಡಿಸಿದ ಕೈ. ಅವಳದೇ ಬಾಯಿ ಮೇಜಿನ ಮೇಲೆ ಬಂದು ಕೂತಿತು.

ಹಿಂದೆ ಸರಿದ ಹಲ್ಲು ಎಡಕ್ಕಿತ್ತು.

ಅವಳು ಅಚ್ಚನ್ನು ತಿರುಗಿಸಿದಳು. ಮತ್ತೆ ತನ್ನ ಕಡೆಗೆ ಮುಖ ಮಾಡಿಟ್ಟಳು. ಎಡಕ್ಕೇ. ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ಬಾಯಲ್ಲಿ ಬಲಗಡೆಯೇ ಇತ್ತು. ಆಗ ಹೊಳೆಯಿತು. ಕನ್ನಡಿಯಲ್ಲಿ ನಮ್ಮ ಬಲಗಡೆಯದು ಬಲಕ್ಕೇ ಕಾಣುತ್ತದೆ. ಎದುರಿಗೆ ನಿಂತ ಮನುಷ್ಯನ ಬಲಗಡೆ ನಮ್ಮ ಎಡಕ್ಕೆ ಬರುತ್ತದೆ. ಅಚ್ಚು ಎಂದರೆ ಎದುರಿಗೆ ನಿಂತ ಮನುಷ್ಯ. ಗಿರಾಕಿಗಳ ವಿಷಯದಲ್ಲಿ ಅವಳು ಒಮ್ಮೆಯೂ ಎಡ ಬಲ ತಪ್ಪಿದವಳಲ್ಲ. ತನ್ನದನ್ನು ಮಾತ್ರ ಕನ್ನಡಿ ಹೇಳಿದ ಹಾಗೆ ಕೇಳಿದ್ದಳು.

ಅವಳು ನೆಲದ ಮೇಲೆ ಕೂತುಬಿಟ್ಟಳು.

"ಏನಾಯ್ತೇ?" ಅಕ್ಕ ಓಡಿಬಂದಳು. "ವಾಂತಿಯಾ?"

"ಒಡೆದುಬಿಟ್ಟೆ ಅಕ್ಕ. ನನ್ನ ಕೈಯಾರೆ ಒಡೆದುಬಿಟ್ಟೆ."

ಎಲ್ಲವೂ ಹೊರಗೆ ಬಂತು, ಒಂದಕ್ಕೊಂದು ಸಿಕ್ಕಿಕೊಂಡು: ಅಜ್ಜಿ ಮೊಮ್ಮಗಳ ಮಾತು, ಕೈಗನ್ನಡಿ, ದಾರ ಕಚ್ಚಿದ ಹಲ್ಲಿನ ಅಚ್ಚು, ಸುತ್ತಿಗೆ. ಪಾಲಿಶ್ ಅಕ್ಕ ಸಾಸಿವೆಯ ಕೆನ್ನೆಗೆ ಅಂಟಿದ್ದ ಪ್ಲಾಸ್ಟರನ್ನು ಸೆರಗಿನಿಂದ ಒರೆಸುತ್ತ ಕೂತಳು.

ಮೇಸ್ತ್ರಿ ಮೇಜಿನ ಮೇಲಿನ ಹೊಸ ಅಚ್ಚನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಹಲ್ಲಿನ ಸಾಲನ್ನು ಸವರಿದರು.

"ಯಾರದ್ದು ಅದು ಮೇಸ್ತ್ರಿಗಳೇ? ನಿಮಗೆ ಗೊತ್ತು."

"ಗೊತ್ತು."

"ಹೇಳಿ."

"ಹೇಳಲ್ಲ."

"ಅಯ್ಯೋ ನಿಮ್ಮ ನಿಯಮಕ್ಕೆ ಬೆಂಕಿ ಬೀಳ!" ಅಕ್ಕ ಸಿಡಿದಳು. "ಹುಡುಗಿ ಇಲ್ಲಿ ಸಾಯ್ತಿದ್ದಾಳೆ, ಇವರಿಗೆ ಗುಟ್ಟಂತೆ ಗುಟ್ಟು!"

"ನಲವತ್ತು ವರ್ಷ ಹೇಳಿಲ್ಲ, ಈಗ ಹೇಳಲ್ಲ," ಎಂದರು ಮೇಸ್ತ್ರಿ. ಎದ್ದು ಹೋಗಿ ಗೋಡೆಯ ಮೊಳೆಯಿಂದ ಸಾಮಾನಿನ ಚೀಲ ತೆಗೆದರು. ಬಾಯಿಗನ್ನಡಿ, ಚಿಮಟ, ಹತ್ತಿ, ಗಾಜಿನ ಬಿಲ್ಲೆ, ಕ್ಯಾಪು ಅಂಟಿಸುವ ಸಿಮೆಂಟಿನ ಪುಡಿಯ ಪುಟ್ಟ ಸೀಸೆ ಒಳಗೆ ಹಾಕಿದರು. "ಸಾಸಿವೆ, ಎದ್ದು ಮುಖ ತೊಳ್ಕೋ. ಒಂದು ಕ್ಯಾಪ್ ಹಾಕಿ ಬಹಳ ವರ್ಷ ಆಯ್ತು. ಅಲ್ಲಾಡ್ತಿರಬಹುದು. ಹೋಗಿ ನೋಡ್ಕೊಂಡು ಬಾ. ಹಳೇ ಮಾರುಕಟ್ಟೆ ಹಿಂದೆ ಛತ್ರಿ ರಿಪೇರಿ ಅಂಗಡಿ."

ಅವಳು ಅವರ ಮುಖವನ್ನೇ ನೋಡಿದಳು.

"ಗಿರಾಕಿ ಸೇವೆ," ಎಂದರು ಮೇಸ್ತ್ರಿ. "ಸಿಮೆಂಟು ಎರಡೇ ಸಲಕ್ಕೆ ಆಗುವಷ್ಟಿದೆ. ಹಾಳು ಮಾಡಬೇಡ."

ಬೀದಿಯಲ್ಲಿ ಕಿಟಕಿ ಗಾಜುಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿದ್ದರು. ಬ್ರೆಡ್ಡಿಗೆ ನಿಂತವರ ಸಾಲು ಮೂಲೆ ತಿರುಗಿ ಎರಡನೇ ಬೀದಿಗೆ ಬಂದಿತ್ತು. ಸಾಸಿವೆ ಓಡಬಾರದು ಎಂದುಕೊಂಡೇ ಓಡಿದಳು. ಮಾರುಕಟ್ಟೆಯ ಹತ್ತಿರ ಬಂದಾಗ ಕಾಲು ತಾನಾಗಿ ನಿಧಾನವಾಯಿತು. ಅಲ್ಲಿಗೆ ಹೋಗಿ ಏನೆನ್ನುವುದು? ನಿಮ್ಮ ಬಾಯಿಯನ್ನು ಒಡೆದು ಪುಡಿ ಮಾಡಿದವಳು ನಾನು ಎನ್ನುವುದೇ?

ಅಂಗಡಿ ಒಂದು ಕಟ್ಟಡದ ಮೆಟ್ಟಿಲಿನ ಕೆಳಗಿತ್ತು. ಮೇಲಿನಿಂದ ಬಟ್ಟೆ ಕಿತ್ತ ಛತ್ರಿಗಳು ಬರೀ ಕಡ್ಡಿಯಾಗಿ ತೂಗುತ್ತಿದ್ದವು. ಒಂದು ಮೂಲೆಯಲ್ಲಿ ಸೇನೆಗೆ ಹೊಲಿದ ಕ್ಯಾನ್ವಾಸ್ ಚೀಲಗಳ ರಾಶಿ. ನಡುವೆ ಐವತ್ತು ದಾಟಿದ ಹೆಂಗಸೊಬ್ಬಳು ಕಪ್ಪು ಬಟ್ಟೆಯನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದಳು. ದಾರವನ್ನು ಬಾಯಿಗೆ ಕೊಟ್ಟು ಕಚ್ಚಿ ತುಂಡರಿಸಿ, ತಲೆಯೆತ್ತಿದಳು.

"ಎಲ್ಲಿ, ಕೊಡು ಛತ್ರಿ."

"ಛತ್ರಿ ತಂದಿಲ್ಲಮ್ಮ."

"ಛತ್ರಿ ಇಲ್ದೆ ಛತ್ರಿ ಅಂಗಡಿಗೆ ಬಂದಿದ್ದೀಯಾ? ಒಳ್ಳೆ ಗಿರಾಕಿ."

"ಹಲ್ಲಿನ ಮೇಸ್ತ್ರಿ ಕಳಿಸಿದ್ರು."

ಹೆಂಗಸು ಚಂಗನೆ ಎದ್ದು ಬಾಗಿಲು ಮುಂದಕ್ಕೆಳೆದಳು. "ಮೆತ್ತಗೆ ಮಾತಾಡೇ! ಪಕ್ಕದಲ್ಲಿ ಅಂಗಿ ಗುಂಡಿ ಅಂಗಡಿಯವಳಿದ್ದಾಳೆ. ಅವಳ ಕಿವಿ ನನ್ನ ಛತ್ರಿಗಿಂತ ಅಗಲ." ಆಮೇಲೆ ದನಿ ಇನ್ನೂ ತಗ್ಗಿಸಿ, "ಅಲ್ಲಾಡ್ತಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು? ನಾನು ಯಾರಿಗೂ ಹೇಳಿಲ್ಲ," ಎಂದಳು.

"ಗೊತ್ತಾಗುತ್ತೆ ಅವರಿಗೆ. ಬೆಳಕಿಗೆ ಬನ್ನಿ."

ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಹೆಂಗಸು ಬಾಯಿ ತೆರೆದಳು. ಸಾಸಿವೆ ಬಗ್ಗಿದಳು. ನಡುವೆ ಕ್ಯಾಪು. ಅದರ ಜೊತೆಯದಕ್ಕೆ ಕಚ್ಚು. ಆ ಪಕ್ಕ, ಸಾಲಿನ ಹಿಂದೆ ಸರಿದು, ಇಣುಕುತ್ತ, ಅದು. ಕೋರೆಹಲ್ಲು ಅರ್ಧ ಮೈ ತಿರುಗಿಸಿಕೊಂಡಿತ್ತು. ಎದುರಿಗೆ ನಿಂತ ಮನುಷ್ಯನ ಬಲಗಡೆ. ಬಾಯಿಗನ್ನಡಿ ಹಲ್ಲಿಗೆ ಟಕ್ಕೆಂದು ತಗುಲಿತು.

ಹೆಂಗಸು ಬಾಯಿ ಮುಚ್ಚಿದಳು. "ಏನು? ಕೊಳೆತಿದೆಯಾ? ಹಾಗೇ ಹೇಳು, ನಾನೇನು ಅಳೋಳಲ್ಲ."

ಸಾಸಿವೆ ಕನ್ನಡಿಯನ್ನು ಕೆಳಗಿಟ್ಟು, ಕೈ ಅಡ್ಡ ಹಿಡಿಯದೆ, ತಾನೇ ಬಾಯಿ ತೆರೆದು ತೋರಿಸಿದಳು.

ಹೆಂಗಸು ನೋಡಿದಳು. ಎದ್ದು ಬಂದು ಅವಳ ಗಲ್ಲ ಹಿಡಿದು, ಛತ್ರಿ ಬಟ್ಟೆಯಲ್ಲಿ ತೂತು ಹುಡುಕುವವಳ ಹಾಗೆ ಬೆಳಕಿಗೆ ಆ ಕಡೆ ಈ ಕಡೆ ತಿರುಗಿಸಿದಳು. ಬೆರಳುಗಳು ಒರಟಾಗಿದ್ದವು.

"ನಮ್ಮಪ್ಪಂದು ಹೀಗೇ ಇತ್ತು," ಎಂದಳು. "ಅಣ್ಣಂದೂ ಹೀಗೇ. ಯಾರು ನೀನು?"

"ಗೊತ್ತಿಲ್ಲ. ಅದನ್ನೇ ಕೇಳೋಕೆ ಬಂದೆ. ಸೇತುವೆ ಬಿದ್ದ ವಾರ ಇಟ್ಟಿಗೆಯೊಳಗೆ ಸಿಕ್ಕವಳು."

ಹೆಂಗಸು ಗಲ್ಲ ಬಿಡಲಿಲ್ಲ. ಮಾತು ಮಾತ್ರ ಬೇರೆ ಯಾರದ್ದೋ ಕಥೆ ಹೇಳುವವಳ ಹಾಗೆ ಬಂತು. ಅಣ್ಣ, ಅತ್ತಿಗೆ, ಮಗು ಇದ್ದ ಬೀದಿ ಆ ವಾರ ಕುಸಿಯಿತು. ಅವಳು ಆಗ ಬೇರೆ ಊರಿನಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದಳು. ಬರುವಷ್ಟರಲ್ಲಿ ಬೀದಿಯವರನ್ನೆಲ್ಲ ಒಂದೇ ಗುಂಡಿಗೆ ಹಾಕಿ ಮುಚ್ಚಿದ್ದರು. "ಒಬ್ಬರೂ ಉಳಿದಿಲ್ಲ ಅಂದ್ರು. ನಂಬಿದೆ. ಹುಡುಕ್ತಾ ಕೂರೋದಕ್ಕಿಂತ ನಂಬೋದೇ ಸಲೀಸು ಅನ್ನಿಸ್ತು." ಆಮೇಲೆ ಕೇಳಿದಳು: "ಆಗ ಎಷ್ಟು ದೊಡ್ಡದಿದ್ದೆ ನೀನು?"

"ಏಳು ತಿಂಗಳ ಕೂಸು ಅಂತ ಬರೆದಿದ್ದಾರೆ."

ಗಲ್ಲ ಹಿಡಿದ ಕೈ ಕೆಳಗಿಳಿಯಿತು.

"ಹಾಗಾದ್ರೆ ನೀನಲ್ಲ. ನಮ್ಮದು ವರ್ಷ ದಾಟಿ ಎರಡು ತಿಂಗಳಾಗಿತ್ತು. ಗೋಡೆ ಹಿಡ್ಕೊಂಡು ನಡೀತಿತ್ತು. ನನ್ನ ದಾರದ ಡಬ್ಬಿ ಎಲ್ಲಿಟ್ರ‍ೂ ಬೀಳಿಸ್ತಿತ್ತು."

ರಿಪೇರಿ ಆಗದ ಛತ್ರಿಯನ್ನು ವಾಪಸು ಕೊಡುವ ದನಿಯಲ್ಲಿ ಹೇಳಿ ಅವಳು ಸ್ಟೂಲಿನ ಮೇಲೆ ಕೂತಳು. ಹೊರಗೆ ಗುಂಡಿ ಅಂಗಡಿಯವಳು ಯಾರೊಂದಿಗೋ ಚೌಕಾಸಿ ಮಾಡುತ್ತಿದ್ದಳು. ಸಾಸಿವೆಗೆ ಅಳು ಬರಲಿಲ್ಲ. ಬಂದ ಕೆಲಸ ಇತ್ತು. ಗಾಜಿನ ಬಿಲ್ಲೆಯ ಮೇಲೆ ಸಿಮೆಂಟಿನ ಪುಡಿ ಸುರಿದು ಕಲಸತೊಡಗಿದಳು. ಕೈ ತನ್ನಷ್ಟಕ್ಕೆ ತಿರುಗುತ್ತಿತ್ತು.

"ಏಳು ತಿಂಗಳು ಅಂತ ಹೇಳಿದ್ದು ಯಾರು?" ಹೆಂಗಸು ಇದ್ದಕ್ಕಿದ್ದಂತೆ ಕೇಳಿದಳು. "ನೀನು ಹುಟ್ಟಿದ್ದು ನೋಡಿದವರು ಯಾರಾದ್ರೂ ಇದ್ರಾ ಅಲ್ಲಿ?"

"ಅನಾಥಾಲಯದ ಡಾಕ್ಟ್ರು. ಹಲ್ಲು ಎಣಿಸಿ ಹೇಳಿದ್ರಂತೆ. ಕೆಳಗೆ ಎರಡೇ ಹಲ್ಲಿದ್ವಂತೆ."

"ಎರಡೇ?"

"ಎರಡೇ. ಆಗಷ್ಟೇ ಬಂದಿದ್ದು."

"ನಿಲ್ತಿದ್ಯಾ?"

"ಎರಡೂ ಕಾಲಿಗೆ ಕಟ್ಟು ಹಾಕಿದ್ರಂತೆ. ಎಲ್ಲಿಂದ ನಿಲ್ಲಲಿ?"

ಹೆಂಗಸಿನ ಗಂಟಲಿನಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡಳು ಸಾಸಿವೆ. ಕೆಮ್ಮಲ್ಲ, ನಗು. ತಡೆಯಲಾಗದೆ, ಬಾಯಿ ಪೂರ್ತಿ ತೆರೆದು, ಗುಂಡಿ ಅಂಗಡಿಯವಳಿಗೆ ಕೇಳಿಸಲಿ ಬಿಡಲಿ ಎಂದು ಹೆಂಗಸು ನಗುತ್ತಿದ್ದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಯಾವ ಪೆದ್ದ ಡಾಕ್ಟ್ರೇ ಅವನು! ನಮ್ಮ ವಂಶದಲ್ಲಿ ವರ್ಷ ತುಂಬೋ ಮುಂಚೆ ಯಾರಿಗೂ ಹಲ್ಲು ಬಂದಿಲ್ಲ ಕಣೇ! ನಮ್ಮಣ್ಣ ಬೋಳು ಬಾಯಿ ಇಟ್ಕೊಂಡು ಬೀದಿ ತುಂಬ ಓಡಾಡ್ತಿದ್ದನಂತೆ. ನಿಮ್ಮಮ್ಮ ನಿನ್ನ ಎತ್ಕೊಂಡು ಬಂದು ನನ್ನ ಮುಂದೆ ಅತ್ಲು, ಹಲ್ಲಿಲ್ಲದ ಮಗು ಹೆತ್ತೆ ಅಂತ. ನಾನೇ ಬೈದೆ, ಈ ಮನೆ ಹಲ್ಲಿಗೆ ಅವಸರ ಇಲ್ಲ, ಸುಮ್ನಿರು ಅಂತ. ನಾನು ಕಾರ್ಖಾನೆಗೆ ಹೊರಟ ವಾರ ಮೊದಲನೇದು ಕಾಣಿಸ್ತು. ನನ್ನ ಬೆರಳಿಗೇ ಕಚ್ಚಿದ್ದೆ."

ನಿಮ್ಮಮ್ಮ ಎಂದಿದ್ದಳು. ಸಾಸಿವೆ ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡೂ ನಂಬಲು ಹೆದರಿದಳು.

"ಅಮ್ಮಾ, ಹಲ್ಲು ತಡವಾಗಿ ಬಂದವರು ಬೇರೆಯವರೂ ಇರ್ತಾರೆ. ಹೀಗೆ ಹಿಂದೆ ಸರಿದ ಹಲ್ಲು ನಮ್ಮ ಕಾರ್ಖಾನೇಲಿ ಬೇರೆಯವರದ್ದೂ ನೋಡಿದ್ದೀನಿ. ಇದೇ ಸಾಕ್ಷಿ ಅಂತ ಹೇಳೋಕಾಗಲ್ಲ."

"ಇರ್ತಾರೆ," ಎಂದಳು ಹೆಂಗಸು, ಮೂಗು ಒರೆಸಿಕೊಳ್ಳುತ್ತ. "ಅವರೂ ಬರ್ಲಿ. ಈಗ ಬಂದಿರೋದು ನೀನು."

ಗಾಜಿನ ಮೇಲೆ ಕಲಸಿದ ಸಿಮೆಂಟು ಕಲ್ಲಾಗಿತ್ತು. ಇಬ್ಬರೂ ಅದನ್ನು ನೋಡಿದರು.

"ಹಾಳಾಯ್ತಾ?"

"ಹಾಳಾಯ್ತು. ಇನ್ನೊಂದೇ ಸಲಕ್ಕೆ ಆಗುವಷ್ಟು ಪುಡಿ ಇದೆ. ನನ್ನ ಹೆಸರೇನಿತ್ತು?"

"ಅದೊಂದು ದೊಡ್ಡ ರಾಮಾಯಣ. ನಿಮ್ಮಪ್ಪ ಒಂದು ಇಟ್ಟ, ನಿಮ್ಮಮ್ಮ ಒಪ್ಪಲಿಲ್ಲ. ಅವಳು ಒಂದು ಇಟ್ಲು, ಇವನು ಕರೀಲಿಲ್ಲ. ವರ್ಷವಿಡೀ ಜಗಳ." ಅವಳು ಎರಡು ಹೆಸರನ್ನೂ ಹೇಳಿದಳು. ಒಂದು ಉದ್ದದ್ದು, ಒಂದು ಗಿಡ್ಡದ್ದು.

ಸಾಸಿವೆ ಎರಡನ್ನೂ ತುಟಿಯಲ್ಲೇ ಅಂದುಕೊಂಡಳು. ಒಂದೂ ತನ್ನದು ಅನ್ನಿಸಲಿಲ್ಲ. ಕಳೆದುಹೋದ ಹೆಸರು ಕಿವಿಗೆ ಬಿದ್ದ ಕೂಡಲೇ ಒಳಗೆ ಏನೋ ಆಗುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ.

"ನಾನು ಯಾವುದಕ್ಕೆ ಓಗೊಡ್ತಿದ್ದೆ?"

"ಕೈಲಿ ತಿಂಡಿ ಇಟ್ಕೊಂಡು ಯಾರು ಏನಂತ ಕರೆದ್ರೂ ಬರ್ತಿದ್ದೆ." ಹೆಂಗಸು ಸ್ಟೂಲನ್ನು ಕಿಟಕಿಗೆ ಎಳೆದುಕೊಂಡಳು. "ಬಾ, ಮೊದಲು ಇದನ್ನ ಕಟ್ಟು. ಬಾಯಲ್ಲಿ ಇದು ಅಲ್ಲಾಡ್ತಾ ಇದ್ರೆ ಇಷ್ಟು ವರ್ಷದ್ದು ಹೇಗೆ ಹೇಳಲಿ."

ಸಾಸಿವೆ ಉಳಿದ ಪುಡಿಯನ್ನೆಲ್ಲ ಕಲಸಿದಳು. ಈ ಸಲ ತಡಮಾಡಲಿಲ್ಲ. ಕ್ಯಾಪು ತೆಗೆದು ಒರೆಸಿ, ಒಳಗೆ ಸಿಮೆಂಟು ಹಚ್ಚಿ, ಹಲ್ಲಿನ ಮೇಲೆ ಕೂರಿಸಿ ಒತ್ತಿದಳು. ಹತ್ತಿಯ ಉಂಡೆ ಇಟ್ಟಳು. "ಕಚ್ಚಿ ಹಿಡ್ಕೊಳ್ಳಿ. ಗಟ್ಟಿಯಾಗೋವರೆಗೂ ಮಾತಾಡಬಾರದು. ಬಾಯಿ ಬಿಟ್ರೆ ಕ್ಯಾಪು ಕೈಗೆ ಬರುತ್ತೆ."

ಹೆಂಗಸು ಕಣ್ಣರಳಿಸಿದಳು. ಈಗಲೇ ಈ ಶಿಕ್ಷೆಯೇ ಎನ್ನುವ ಹಾಗೆ ತಲೆ ಚಚ್ಚಿಕೊಂಡಳು.

ಸಾಸಿವೆ ಸಾಮಾನುಗಳನ್ನು ಒರೆಸಿ ಚೀಲಕ್ಕೆ ಹಾಕಿದಳು. ಕಾಯುವುದು ಅವಳಿಗೆ ಹೊಸದಲ್ಲ. ಆದರೆ ಈಗ ಆಗಲಿಲ್ಲ.

"ಅಪ್ಪ ಏನು ಕೆಲಸ ಮಾಡ್ತಿದ್ರು?"

ಹೆಂಗಸು ಹತ್ತಿ ಕಚ್ಚಿಕೊಂಡೇ ಎದ್ದಳು. ಗಾಳಿಯಿಂದ ಒಂದೊಂದೇ ಕಾಗದ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಓದಿ, ಆ ಗೂಡಿಗೊಂದು ಈ ಗೂಡಿಗೊಂದು ಎಸೆದಳು.

"ಅಂಚೆ? ಅಂಚೆ ವಿಂಗಡಿಸ್ತಿದ್ರಾ?"

ಹೆಂಗಸು ಜೋರಾಗಿ ತಲೆಯಾಡಿಸಿದಳು. ಒಂದು ಕಾಗದವನ್ನು ಬಿಡಿಸಿ ಕದ್ದು ಓದುವ ಹಾಗೆ ಮಾಡಿ, ಸುತ್ತ ನೋಡಿ, ಮತ್ತೆ ಮಡಚಿದಳು. ಸಾಸಿವೆ ಗೊಳ್ಳನೆ ನಕ್ಕಳು.

"ಅಮ್ಮ?"

ಹೆಂಗಸು ಯೋಚಿಸಿದಳು. ಕ್ಯಾನ್ವಾಸ್ ಚೀಲಗಳ ರಾಶಿಯ ಹಿಂದೆ ಹೋಗಿ, ಮುಖ ಮಾತ್ರ ಕಾಣುವ ಹಾಗೆ ಕೂತಳು. ಹೆಬ್ಬೆರಳಿಗೆ ಎಂಜಲು ಹಚ್ಚುವ ಹಾಗೆ ಮಾಡಿ, ಚೀಟಿ ಹರಿದು, ಬಿಗುಮಾನದಿಂದ ಮುಂದೆ ತಳ್ಳಿದಳು. ಆಮೇಲೆ ಈಚೆಗೆ ಓಡಿಬಂದು ಅಣ್ಣನಾದಳು: ಚೀಟಿ ತೆಗೆದುಕೊಂಡ, ಹೋಗದೆ ಅಲ್ಲೇ ನಿಂತ, ಬಾಯಿ ತೆರೆಯಲಾರದೆ ಕಣ್ಣಲ್ಲೇ ಹಲ್ಲು ಕಿರಿದ. ಮತ್ತೆ ರಾಶಿಯ ಹಿಂದೆ ಓಡಿ ಅತ್ತಿಗೆಯಾದಳು: ಮುಂದೆ ಹೋಗಯ್ಯ ಎಂದು ಕೈ ಬೀಸಿದಳು. ಮತ್ತೆ ಅಣ್ಣ. ಇನ್ನೊಂದು ಚೀಟಿ. ಮತ್ತೆ ಇನ್ನೊಂದು.

"ಸಿನಿಮಾ! ಅಮ್ಮ ಸಿನಿಮಾ ಟಿಕೆಟ್ ಕೊಡ್ತಿದ್ಲು. ಅಪ್ಪ ದಿನಾ ಒಂದೇ ಸಿನಿಮಾ ನೋಡ್ತಿದ್ದ!"

ಐವತ್ತು ದಾಟಿದ ಹೆಂಗಸು ಚೀಲಗಳ ರಾಶಿಯ ಮೇಲೆ ಏದುಸಿರು ಬಿಡುತ್ತ ಕುಸಿದು, ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು. ಹತ್ತಿ ಬಾಯಿಂದ ಅರ್ಧ ಹೊರಗೆ ಬಂದಿತ್ತು.

"ಅಯ್ಯೋ ಅತ್ತೆ, ಮೆತ್ತಗೆ, ಬಾಯಿ ಬಿಡಬೇಡಿ, ಇನ್ನೂ ಹಸಿ ಇದೆ!"

"ಏನಂದೆ?" ಎಂದಳು ಅತ್ತೆ.

ಕ್ಯಾಪು ಅವಳ ಮಡಿಲಿಗೆ ಬಿತ್ತು. ಅತ್ತೆ ಅದನ್ನು ಎತ್ತಿಕೊಳ್ಳಲಿಲ್ಲ. ಮುರಿದ ಹಲ್ಲಿನ ಸಂದಿನಿಂದ ಗಾಳಿ ಹೋಗುತ್ತಿತ್ತು. "ಏನಂದೆ? ಇನ್ನೊಂದು ಸಲ ಅನ್ನು."

"ಅತ್ತೆ," ಎಂದಳು ಅವಳು. "ಬಾಯಿ ಮುಚ್ಚಿ."